ಲಿಂಕ್ ಬಂದಿದೆಯೇ, ಕಾರ್ಡು ಕಂಡಿದೆಯೇ: ಲಿನಕ್ಸ್ ಕರ್ನಲ್ ಪಿಸಿಐ ಎಕ್ಸ್‌ಪ್ರೆಸ್ ಬಸ್ಸನ್ನು ಗುರುತಿಸುವ ಬಗೆ

"ಎಸ್‌ಎಸ್‌ಡಿ ಹಾಕಿದೆ, ಕಾಣಿಸ್ತಾ ಇಲ್ಲ" ಎಂದು ಯಾರಾದರೂ ಹೇಳಿದರೆ ಮೊದಲು ತಿರುಗಿ ಕೇಳಬೇಕಾದದ್ದು, ಯಾರಿಗೆ ಕಾಣಿಸ್ತಾ ಇಲ್ಲ ಅಂತ. ಫೈಲ್ ಮ್ಯಾನೇಜರಿಗೆ ಕಾಣಿಸದಿದ್ದರೆ ಪಾರ್ಟಿಶನ್ನೇ ಇಲ್ಲದಿರಬಹುದು. ಬಸ್ಸಿನ ಮೇಲಿನ ಡಿವೈಸುಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡಿನ ಪಟ್ಟಿಯಲ್ಲಿದೆ, ಆದರೆ ಡಿಸ್ಕುಗಳ ಪಟ್ಟಿಯಲ್ಲಿಲ್ಲ ಎಂದರೆ ಡ್ರೈವರಿನ ಕಡೆ ನೋಡಬೇಕು. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲೇ ಇಲ್ಲವೆಂದರೆ ತೊಂದರೆ ಇನ್ನೂ ಕೆಳಗಿದೆ. ಆಗ ಡ್ರೈವರ್ ಬದಲಿಸಿದರೂ ಡಿಸ್ಟ್ರೋ ಬದಲಿಸಿದರೂ ಏನೂ ಆಗದು. ಇವತ್ತು ಮಾತಾಡುವುದು ಈ ಕೆಳಗಿನ ಭಾಗದ ಬಗ್ಗೆ. ಕಾರ್ಡು, ಎಸ್‌ಎಸ್‌ಡಿಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಮತ್ತು ಲಿನಕ್ಸ್ ಇವೆರಡನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಲ್ಯಾಪ್‌ಟಾಪಿನಿಂದ ಸರ್ವರಿನವರೆಗೆ, ರಾಸ್ಪ್‌ಬೆರಿ ಪೈ 5ರಲ್ಲೂ ಇರುವುದು ಇದೇ.

ಇಡೀ ಮಾತಿನ ಉದ್ದಕ್ಕೂ ಒಂದು ವಿಷಯ ನೆನಪಿರಲಿ. ಕರ್ನಲ್, ಅಂದರೆ ಲಿನಕ್ಸಿನ ತಿರುಳು, ತಂತಿಯನ್ನು ನೋಡುವುದಿಲ್ಲ, ರಿಜಿಸ್ಟರುಗಳನ್ನು, ಅಂದರೆ ಹಾರ್ಡ್‌ವೇರಿನೊಳಗಿನ ಪುಟ್ಟ ಮಾಹಿತಿ ಖಾನೆಗಳನ್ನು, ಓದುತ್ತದೆ. ತಂತಿಯ ಮೇಲೆ ನಡೆಯುವ ವ್ಯವಹಾರವೆಲ್ಲ ಹಾರ್ಡ್‌ವೇರಿನದು. ಅದು ಮುಗಿದ ಮೇಲೆ ಉಳಿದ ಗುರುತುಗಳನ್ನು ಓದಿ ಕರ್ನಲ್ ತೀರ್ಮಾನಕ್ಕೆ ಬರುತ್ತದೆ. ಬಹಳಷ್ಟು ಗೊಂದಲ ಹುಟ್ಟುವುದು ಈ ಎರಡನ್ನು ಕಲಸಿಕೊಂಡಾಗಲೇ.

ಹಳೆಯ ಪಿಸಿಐ 1992ರದು. 32 ಬಿಟ್ ಅಗಲ, 33 ಮೆಗಾಹರ್ಟ್ಸ್, ಸೆಕೆಂಡಿಗೆ ಹೆಚ್ಚೆಂದರೆ 133 ಎಂಬಿ, ಅದನ್ನೂ ಬಸ್ಸಿನ ಮೇಲಿನ ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು. ಎಕ್ಸ್‌ಪ್ರೆಸ್‌ನಲ್ಲಿ ಹಂಚಿಕೊಳ್ಳುವ ಬಸ್ಸೇ ಇಲ್ಲ. ಈ ತುದಿಗೊಂದು ಪೋರ್ಟ್, ಆ ತುದಿಗೊಂದು ಪೋರ್ಟ್, ನಡುವೆ ಲೇನ್‌ಗಳು. ಇದೇ ಲಿಂಕ್. ಒಂದು ಲೇನ್ ಎಂದರೆ ಹೋಗಲು ಎರಡು ತಂತಿ, ಬರಲು ಎರಡು ತಂತಿ. ಆದರೂ ನಾವು ಇವತ್ತಿಗೂ ಬಸ್ ನಂಬರ್, ಡಿವೈಸ್ ನಂಬರ್ ಎನ್ನುತ್ತೇವೆ. ಹಳೆಯ ಸಾಫ್ಟ್‌ವೇರ್ ಹಾಗೇ ನಡೆಯಲಿ ಎಂದು ಮೇಲಿನ ಲೆಕ್ಕವನ್ನು ಬದಲಿಸದೆ ಇಟ್ಟುಕೊಂಡದ್ದೇ ಕಾರಣ. ಎಲ್‌ಎಸ್‌ಪಿಸಿಐನಲ್ಲಿ ಕಾಣುವ ಒಂದೊಂದು ಬಸ್ಸೂ ಹೆಚ್ಚುಕಡಿಮೆ ಒಂದೊಂದು ಲಿಂಕ್, ಅಥವಾ ಯಾವುದಾದರೂ ಸ್ವಿಚ್ಚಿನ (ಒಂದು ಲಿಂಕನ್ನು ಹಲವಾಗಿ ಕವಲೊಡೆಯಿಸುವ ಚಿಪ್ಪಿನ) ಒಳಗಿನ ಬಸ್ಸು ಎಂದುಕೊಳ್ಳಿ.

ಈಗ ಲಿಂಕ್ ಬರುವುದು ಹೇಗೆ ನೋಡಿ. ವಿದ್ಯುತ್ ಬಂದು ಸ್ಥಿರವಾದ ಮೇಲೆ ಕನಿಷ್ಠ 100 ಮಿಲಿಸೆಕೆಂಡ್ ಕಾರ್ಡನ್ನು ರೀಸೆಟ್‌ನಲ್ಲೇ ಹಿಡಿದಿಡಬೇಕು. ರೀಸೆಟ್ ಬಿಟ್ಟ ಮೇಲೆ ಎರಡೂ ತುದಿಯ ಪೋರ್ಟುಗಳು ಡಿಟೆಕ್ಟ್ ಎಂಬ ಸ್ಥಿತಿಗೆ ಹೋಗುತ್ತವೆ. ಎದುರಿಗೆ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಕಳಿಸುವ ತುದಿ ತನ್ನ ವೋಲ್ಟೇಜನ್ನು ಒಮ್ಮೆ ಜಿಗಿಸಿ, ತಂತಿ ಎಷ್ಟು ಬೇಗ ಚಾರ್ಜ್ ಆಗುತ್ತದೆ ಎಂದು ಅಳೆಯುತ್ತದೆ. ಎದುರು ರಿಸೀವರಿನ ಟರ್ಮಿನೇಶನ್ ಇದ್ದರೆ ನಡುವಿನ ಕಪ್ಲಿಂಗ್ ಕೆಪಾಸಿಟರ್ ತುಂಬಬೇಕು, ಹಾಗಾಗಿ ನಿಧಾನ. ಯಾರೂ ಇಲ್ಲದಿದ್ದರೆ ಬರೀ ತಂತಿಯ ಸಣ್ಣ ಕೆಪಾಸಿಟನ್ಸ್ ಅಷ್ಟೇ, ತಟ್ಟನೆ ಏರುತ್ತದೆ. ಪ್ರತಿ ಲೇನಿಗೂ ಈ ಪರೀಕ್ಷೆ ಪ್ರತ್ಯೇಕವಾಗಿ ನಡೆಯುತ್ತದೆ.

ಆಮೇಲೆ ಪೋಲಿಂಗ್. ಎರಡೂ ಕಡೆಯವರು ಗೊತ್ತಾದ ಒಂದು ನಮೂನೆಯನ್ನು ಬಿಡದೆ ಕಳಿಸುತ್ತಾರೆ, ಎದುರಿನವರು ಅದನ್ನು ಹಿಡಿದು ಬಿಟ್ ಎಲ್ಲಿ ಶುರು, ಸಿಂಬಲ್ ಎಲ್ಲಿ ಶುರು ಎಂದು ಹೊಂದಿಸಿಕೊಳ್ಳುತ್ತಾರೆ. ಜೋಡಿಯ ಎರಡು ತಂತಿ ಅದಲುಬದಲಾಗಿದ್ದರೂ ರಿಸೀವರ್ ತಾನೇ ತಿರುಗಿಸಿಕೊಳ್ಳುತ್ತದೆ. ಬೋರ್ಡ್ ಡಿಸೈನ್ ಮಾಡುವವರು ತಂತಿ ಅಡ್ಡ ಹಾಯಿಸುವುದನ್ನು ತಪ್ಪಿಸಲು ಇದನ್ನು ಬೇಕೆಂದೇ ಬಳಸುತ್ತಾರೆ, ಅದು ತಪ್ಪಲ್ಲ. ನಂತರ ಕಾನ್ಫಿಗರೇಶನ್ ಸ್ಥಿತಿಯಲ್ಲಿ ಯಾವ ಲೇನಿಗೆ ಯಾವ ನಂಬರ್ ಎಂಬುದು ಒಪ್ಪಂದವಾಗುತ್ತದೆ. ಕೊನೆಗೆ ಎಲ್‌0, ಅಂದರೆ ಕೆಲಸಕ್ಕೆ ತಯಾರು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಯಾವ ಕಾರ್ಡೇ ಆಗಲಿ ಮೊದಲು ಬರುವುದು 2.5 ಜಿಟಿ ವೇಗದಲ್ಲೇ, ಅಂದರೆ ಲೇನಿಗೆ ಸೆಕೆಂಡಿಗೆ 2.5 ಗಿಗಾಟ್ರಾನ್ಸ್‌ಫರ್. ಎಲ್‌0 ಮುಟ್ಟಿದ ಮೇಲೆ ರಿಕವರಿ ಸ್ಥಿತಿಗೆ ಹೋಗಿ 5, 8, 16, 32 ಎಂದು ಏರುತ್ತದೆ. 8 ಮತ್ತು ಅದರ ಮೇಲಿನ ವೇಗಗಳಿಗೆ ಈಕ್ವಲೈಸೇಶನ್ ಎಂಬ ಹೊಂದಾಣಿಕೆಯೂ ನಡೆಯಬೇಕು. ಅಲ್ಲಿ ಸೋತರೆ ಲಿಂಕ್ ಬೀಳಬೇಕೆಂದಿಲ್ಲ, ಕೆಳಗಿನ ವೇಗದಲ್ಲಿ ಸುಮ್ಮನೆ ನಿಂತುಬಿಡಬಹುದು. ಎರಡು, ಲೇನ್‌ಗಳ ಲೆಕ್ಕ 0ಯಿಂದ ಶುರುವಾಗಿ ಸಾಲಾಗಿರಬೇಕು ಮತ್ತು 3 ಲೇನಿನ ಲಿಂಕ್ ಎಂಬುದಿಲ್ಲ. 4 ಲೇನಿನ ಕಾರ್ಡಿನಲ್ಲಿ ಲೇನ್ 2 ಕೆಟ್ಟರೆ ಸಿಗುವುದು 2 ಲೇನ್. ಲೇನ್ 1 ಕೆಟ್ಟರೆ ಒಂದೇ ಲೇನ್. ಲೇನ್ 0 ಕೆಟ್ಟರೆ, ಲೇನುಗಳನ್ನು ಹಿಂದುಮುಂದಾಗಿ ಎಣಿಸುವ ಸೌಲಭ್ಯ ಹಾರ್ಡ್‌ವೇರಿನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಲಿಂಕೇ ಇಲ್ಲ. ಕನೆಕ್ಟರಿನ ಒಂದು ಚಿನ್ನದ ಪಟ್ಟಿಯ ಮೇಲೆ ಕೂತ ಕೊಳೆ, ಅದು ಯಾವ ಪಟ್ಟಿ ಎಂಬುದರ ಮೇಲೆ, ಮೂರು ಬೇರೆ ಬೇರೆ ರೋಗಗಳ ಹಾಗೆ ಕಾಣುತ್ತದೆ.

ಇಷ್ಟರಲ್ಲಿ ಕರ್ನಲ್ ಎಲ್ಲಿತ್ತು? ಪಿಸಿಯಲ್ಲಾದರೆ ಇನ್ನೂ ಡಿಸ್ಕಿನಲ್ಲಿತ್ತು. ಕರ್ನಲ್ ಏಳುವ ಹೊತ್ತಿಗೆ ಫರ್ಮ್‌ವೇರ್ (ಬಯಾಸ್) ಲಿಂಕ್‌ಗಳನ್ನು ತಂದು, ಬಸ್ ನಂಬರ್ ಕೊಟ್ಟು, ವಿಳಾಸಗಳನ್ನೂ ಹಂಚಿರುತ್ತದೆ. ಖಾಲಿ ಇರುವ ರೂಟ್ ಪೋರ್ಟನ್ನು, ಅಂದರೆ ಲಿಂಕಿನ ಪ್ರೊಸೆಸರ್ ಕಡೆಯ ಪೋರ್ಟನ್ನು, ಎಷ್ಟೋ ಫರ್ಮ್‌ವೇರ್‌ಗಳು ಪೂರ್ತಿ ಮರೆಮಾಡಿಬಿಡುತ್ತವೆ. ಹಾಗೆ ಮಾಡಿದ್ದರೆ ಆಮೇಲೆ ಎಷ್ಟು ಸಲ ರೀಸ್ಕ್ಯಾನ್ ಮಾಡಿದರೂ ಆ ಸ್ಲಾಟ್ ಬರುವುದಿಲ್ಲ. ಬೈಫರ್ಕೇಶನ್, ಅಂದರೆ ಒಂದು ಸ್ಲಾಟಿನ ಲೇನುಗಳನ್ನು ಒಡೆದು ಹಂಚುವುದು, ಕೂಡ ಹೀಗೆಯೇ. 16 ಲೇನಿನ ಸ್ಲಾಟಿಗೆ ನಾಲ್ಕು ಎಂ.2 ಎಸ್‌ಎಸ್‌ಡಿ ಕೂರಿಸುವ ಅಗ್ಗದ ಕಾರ್ಡಿನಲ್ಲಿ ಸ್ವಿಚ್ ಚಿಪ್ ಇರುವುದಿಲ್ಲ, ಬರೀ ತಂತಿ. ಬಯಾಸ್‌ನಲ್ಲಿ ಆ ಸ್ಲಾಟನ್ನು 4-4-4-4 ಎಂದು ಒಡೆಯದಿದ್ದರೆ ಮೊದಲ ಎಸ್‌ಎಸ್‌ಡಿ ಮಾತ್ರ ಕಾಣುತ್ತದೆ. ಉಳಿದ ಮೂರಕ್ಕೆ ಕರ್ನಲ್ ಏನೂ ಮಾಡಲಾರದು.

ಆರ್ಮ್ ಬೋರ್ಡುಗಳಲ್ಲಿ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಕರ್ನಲಿನ ಹೋಸ್ಟ್ ಕಂಟ್ರೋಲರ್ ಡ್ರೈವರೇ ರೀಸೆಟ್ ಬಿಟ್ಟು, ಟ್ರೇನಿಂಗ್ (ಡಿಟೆಕ್ಟ್‌ನಿಂದ ಎಲ್‌0ವರೆಗಿನ ಆ ಇಡೀ ಕ್ರಮ) ಶುರುಮಾಡು ಎಂದು ಒಂದು ಬಿಟ್ ಒತ್ತುತ್ತದೆ. ಒತ್ತಿ ಕಾಯುತ್ತದೆ. ಬಹಳ ಚಿಪ್‌ಗಳಲ್ಲಿರುವ ಡಿಸೈನ್‌ವೇರ್ ಕಂಟ್ರೋಲರಿನ ಡ್ರೈವರ್ ಸುಮಾರು 90 ಮಿಲಿಸೆಕೆಂಡಿಗೊಮ್ಮೆಯಂತೆ 10 ಸಲ ನೋಡಿ, ಆಗಲೂ ಇಲ್ಲದಿದ್ದರೆ "ಫೈ ಲಿಂಕ್ ನೆವರ್ ಕೇಮ್ ಅಪ್" ಎಂದು ಲಾಗಿನಲ್ಲಿ ಬರೆಯುತ್ತದೆ. ರಾಸ್ಪ್‌ಬೆರಿ ಪೈನ ಬ್ರಾಡ್‌ಕಾಮ್ ಡ್ರೈವರ್ ರೀಸೆಟ್ ಬಿಟ್ಟು 100 ಮಿಲಿಸೆಕೆಂಡ್ ಸುಮ್ಮನಿದ್ದು, ಆಮೇಲೆ 5 ಮಿಲಿಸೆಕೆಂಡಿಗೊಮ್ಮೆ ಇಣುಕುತ್ತ ಇನ್ನೊಂದು 100 ಮಿಲಿಸೆಕೆಂಡ್ ನೋಡುತ್ತದೆ. ಬಂದರೆ ವೇಗ, ಲೇನು ಸಮೇತ "ಲಿಂಕ್ ಅಪ್", ಬರದಿದ್ದರೆ "ಲಿಂಕ್ ಡೌನ್". ಈ ಸಾಲು ಸಿಕ್ಕರೆ ಅದಕ್ಕಿಂತ ಮೇಲಿನದನ್ನು ತಡಕುವ ಅಗತ್ಯವಿಲ್ಲ. ಕೇಬಲ್ಲು, ಪವರ್ರು, ರೆಫರೆನ್ಸ್ ಕ್ಲಾಕು, ರೀಸೆಟ್ ತಂತಿ, ಈ ನಾಲ್ಕರಲ್ಲೇ ತಪ್ಪು ಹುಡುಕಿ.

ಪೈ 5ರ ಮಾತು ಬಂತು, ಅಲ್ಲೊಂದು ಹೇಳಿಬಿಡುತ್ತೇನೆ. ಅದರ ಹೊರಗಿನ ಪಿಸಿಐಇ ಕನೆಕ್ಟರ್ ಒಂದೇ ಲೇನಿನದು, ಸರ್ಟಿಫೈ ಆಗಿರುವುದು ಜೆನ್ 2, ಅಂದರೆ 5 ಜಿಟಿಗೆ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಜೆನ್ 3ಕ್ಕೆ ಏರಿಸಬಹುದು. ಲೆಕ್ಕದಲ್ಲಿ ಸೆಕೆಂಡಿಗೆ 500 ಎಂಬಿ ಇದ್ದದ್ದು 985 ಎಂಬಿ ಆಗುತ್ತದೆ. ವೇಗ ಎರಡೇ ಪಟ್ಟೂ ಆಗಲಿಲ್ಲ, ಆದರೂ 8 ಜಿಟಿಯಿಂದ ಇಷ್ಟು ಸಿಗುವುದು ಹೇಗೆ ಎಂದರೆ, ಜೆನ್ 2ರವರೆಗೆ 8 ಬಿಟ್ ಕಳಿಸಲು 10 ಬಿಟ್ ಖರ್ಚು, ಜೆನ್ 3ರಲ್ಲಿ 128ಕ್ಕೆ 130. ಆದರೆ ಆ ಚಪ್ಪಟೆ ರಿಬ್ಬನ್ ಕೇಬಲ್ 8 ಜಿಟಿಗೆ ಸರಿಯಾಗಿ ಹೊಂದದಿದ್ದರೆ ಎಸ್‌ಎಸ್‌ಡಿ ಬೂಟ್ ಹೊತ್ತಿನಲ್ಲಿ ಸರಿಯಾಗಿದ್ದು, ದೊಡ್ಡ ಕಾಪಿ ಹಾಕಿದಾಗ ಮಾಯವಾಗಬಹುದು. ಆಗ ಎಸ್‌ಎಸ್‌ಡಿಯನ್ನು ಬೈಯುವ ಮೊದಲು ಆ ಸಾಲನ್ನು ತೆಗೆದು ನೋಡಿ.

ಲಿಂಕ್ ಬಂತು. ಇನ್ನು ಕರ್ನಲಿನ ಎಣಿಕೆ. ಡಿವೈಸಿನ ಪ್ರತಿ ಫಂಕ್ಷನ್ನಿಗೂ (ಒಂದೇ ಡಿವೈಸಿನೊಳಗಿನ ಬೇರೆ ಬೇರೆ ಘಟಕ) ಕಾನ್ಫಿಗ್ ಸ್ಪೇಸ್ ಎಂಬ 4 ಕೆಬಿ ಜಾಗ ಇರುತ್ತದೆ, ಹಳೆಯ ಪಿಸಿಐನಲ್ಲಿ ಇದು 256 ಬೈಟ್ ಮಾತ್ರ ಇತ್ತು. ಈ ಜಾಗವನ್ನು ಮೆಮೊರಿಯಂತೆ ಸಾಲಾಗಿ ಜೋಡಿಸಿರುತ್ತಾರೆ: 256 ಬಸ್, ಬಸ್ಸಿಗೆ 32 ಡಿವೈಸ್, ಡಿವೈಸಿಗೆ 8 ಫಂಕ್ಷನ್, ತಲಾ 4 ಕೆಬಿ. ಗುಣಿಸಿದರೆ 256 ಎಂಬಿ. ಇದು ಯಾವ ವಿಳಾಸದಿಂದ ಶುರು ಎಂಬುದನ್ನು ಪಿಸಿಯಲ್ಲಿ ಫರ್ಮ್‌ವೇರ್ ಕೊಡುವ ಎಸಿಪಿಐ ಟೇಬಲ್ ಹೇಳುತ್ತದೆ, ಆರ್ಮ್ ಬೋರ್ಡಿನಲ್ಲಿ ಹಾರ್ಡ್‌ವೇರಿನ ವಿವರ ಬರೆದಿಟ್ಟ ಡಿವೈಸ್ ಟ್ರೀ.

ಕರ್ನಲ್ ಮೊದಲು ಓದುವುದು ಅತಿ ಮೊದಲ ನಾಲ್ಕು ಬೈಟ್. ಅದರಲ್ಲಿ ಎರಡು ತಯಾರಕರ ಐಡಿ, ಎರಡು ಡಿವೈಸಿನ ಐಡಿ. ಇಂಟೆಲ್ ಆದರೆ 8086, ಎಎಂಡಿ ಆದರೆ 1022, ಎರಡೂ ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ. ಅಲ್ಲಿ ಯಾರೂ ಇಲ್ಲದಿದ್ದರೆ? ಉತ್ತರ ಬರುವುದಿಲ್ಲ, ಆದರೆ ಪ್ರೊಸೆಸರ್ ಓದಲು ಹೋಗಿದೆ, ಏನಾದರೂ ಕೊಡಲೇಬೇಕು. ಪ್ರೊಸೆಸರನ್ನು ಪಿಸಿಐಇಗೆ ಜೋಡಿಸುವ ರೂಟ್ ಕಾಂಪ್ಲೆಕ್ಸ್ ಎಂಬ ಭಾಗ 32 ಬಿಟ್ಟೂ 1 ಮಾಡಿ ಕೊಡುತ್ತದೆ, ಹೆಕ್ಸ್‌ನಲ್ಲಿ ಎಂಟು ಎಫ್. ಆ ಐಡಿಯನ್ನು ಯಾವ ಕಂಪನಿಗೂ ಕೊಟ್ಟಿಲ್ಲ. ಹಾಗಾಗಿ ಎಂಟು ಎಫ್ ಎಂದರೆ "ಇಲ್ಲಿ ಯಾರೂ ಇಲ್ಲ". ಈ ಎಂಟು ಎಫ್ ಮುಂದೆ ಮತ್ತೆ ಮತ್ತೆ ಬರುತ್ತದೆ, ಗುರುತಿಟ್ಟುಕೊಳ್ಳಿ.

ಎಲ್ಲ ಚಿಪ್‌ಗಳೂ ಇಷ್ಟು ಸಭ್ಯವಲ್ಲ. ಕೆಲವು ಆರ್ಮ್ ಚಿಪ್‌ಗಳಲ್ಲಿ ಲಿಂಕ್ ಬಿದ್ದಿರುವಾಗ ಕಾನ್ಫಿಗ್ ಓದಲು ಹೋದರೆ ಎಫ್‌ಗಳ ಬದಲು ಸಿಸ್ಟಂ ಎರರ್ ಬಂದು ಕರ್ನಲೇ ಬೀಳುತ್ತದೆ. ಅದಕ್ಕೇ ಡಿಸೈನ್‌ವೇರ್ ಡ್ರೈವರ್ ಪ್ರತಿ ಸಲ ಓದುವ ಮೊದಲು ಲಿಂಕ್ ಇದೆಯೇ ಎಂದು ನೋಡಿಕೊಳ್ಳುತ್ತದೆ. ನೋಡಿದ ಕ್ಷಣಕ್ಕೂ ಓದುವ ಕ್ಷಣಕ್ಕೂ ನಡುವೆ ಲಿಂಕ್ ಬೀಳಬಹುದಲ್ಲವೇ ಎಂದು ನೀವು ಕೇಳಿದರೆ, ಹೌದು, ಬೀಳಬಹುದು. ಈ ತಪಾಸಣೆ ಪೂರ್ತಿ ಭದ್ರವಲ್ಲ, ಕೊನೆಯ ರಕ್ಷಣೆ ಅಷ್ಟೇ ಎಂದು ಆ ಕೋಡಿನ ಕಾಮೆಂಟಿನಲ್ಲೇ ಒಪ್ಪಿಕೊಂಡಿದ್ದಾರೆ.

ಒಂದು ಅಡ್ಡಮಾತು. ಹೀಗೆ "ಯಾರಿದ್ದೀರಿ" ಎಂದು ಕೇಳಬಹುದಾದ ಬಸ್ಸು ಸಿಗುವುದೇ ಅದೃಷ್ಟ. ಬೋರ್ಡಿನ ಸಣ್ಣ ಚಿಪ್‌ಗಳನ್ನು ಜೋಡಿಸುವ ಐ2ಸಿ, ಎಸ್‌ಪಿಐ ಎಂಬ ಬಸ್ಸುಗಳಲ್ಲಿ ಈ ಸೌಲಭ್ಯ ಇಲ್ಲ. ಐ2ಸಿಯಲ್ಲಿ 7 ಬಿಟ್ ವಿಳಾಸಕ್ಕೆ ಯಾರೋ ಒಬ್ಬರು ಓಗೊಟ್ಟರು ಎನ್ನುವುದಷ್ಟೇ ತಿಳಿಯುತ್ತದೆ, ಅವರು ಯಾರು ಎಂಬುದು ತಿಳಿಯದು. ಸುಮ್ಮನೆ ಎಲ್ಲ ವಿಳಾಸ ತಟ್ಟಿ ನೋಡೋಣ ಎಂದರೆ ಅಪಾಯವೂ ಇದೆ. ಕೆಲವು ಹಳೆಯ ಥಿಂಕ್‌ಪ್ಯಾಡುಗಳಲ್ಲಿ ಎಟ್‌ಮೆಲ್ 24ಆರ್‌ಎಫ್08 ಎಂಬ ಈಪ್ರಾಮ್ ಇತ್ತು. ಐ2ಸಿ ವಿಳಾಸ ತಟ್ಟುವ ಸಾಧಾರಣ ವಿಧಾನವೇ ಅದರೊಳಗಿನ ಮಾಹಿತಿಯನ್ನು ಕೆಡಿಸುತ್ತಿತ್ತು. ಹಾಗಾಗಿ ಅಂಥ ಬಸ್ಸಿನ ಮೇಲೆ ಏನಿದೆ ಎಂಬುದನ್ನು ಡಿವೈಸ್ ಟ್ರೀಯಲ್ಲಿ ಮನುಷ್ಯರೇ ಬರೆದು ಕೊಡಬೇಕು.

ಮತ್ತೆ ಪಿಸಿಐಗೆ. ಎಕ್ಸ್‌ಪ್ರೆಸ್ ಲಿಂಕಿನ ಆಚೆ ತುದಿಯಲ್ಲಿ ಇರಬಹುದಾದದ್ದು ಒಬ್ಬರೇ, ಆದ್ದರಿಂದ ಕರ್ನಲ್ ಅಲ್ಲಿ 32 ಡಿವೈಸ್ ನಂಬರನ್ನೂ ತಟ್ಟುವುದಿಲ್ಲ, 0 ಒಂದನ್ನೇ ನೋಡುತ್ತದೆ. ಹೆಡರ್ ಟೈಪ್ ಬೈಟಿನ ಮೇಲ್ತುದಿಯ ಬಿಟ್ 1 ಆಗಿದ್ದರೆ ಉಳಿದ ಫಂಕ್ಷನ್‌ಗಳನ್ನೂ ನೋಡುತ್ತದೆ. ಅದೇ ಬೈಟು ಇದು ಬ್ರಿಡ್ಜೋ (ಹಿಂದೆ ಇನ್ನೊಂದು ಬಸ್ಸು ಇರುವಂಥದ್ದೋ) ಮಾಮೂಲಿ ಡಿವೈಸೋ ಎಂಬುದನ್ನೂ ಹೇಳುತ್ತದೆ.

ಬ್ರಿಡ್ಜ್ ಸಿಕ್ಕರೆ ಕರ್ನಲ್ ಅದರಲ್ಲಿ ಮೂರು ನಂಬರ್ ಇವೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಬರೆಯುತ್ತದೆ: ತಾನಿರುವ ಬಸ್ಸು, ತನ್ನ ಹಿಂದಿನ ಬಸ್ಸು, ತನ್ನ ಹಿಂದಿರುವವುಗಳಲ್ಲಿ ಅತಿ ದೊಡ್ಡ ಬಸ್ಸು. ಮೂರನೆಯದು ಇನ್ನೂ ಗೊತ್ತಿಲ್ಲವಲ್ಲ, ಅದಕ್ಕೆ ಮೊದಲು ಅತಿ ದೊಡ್ಡದನ್ನೇ ಬರೆದು, ಒಳಗಿಳಿದು, ಸಿಕ್ಕ ಬ್ರಿಡ್ಜುಗಳೊಳಗೆಲ್ಲ ಇಳಿದು, ವಾಪಸ್ ಬರುವಾಗ ನಿಜವಾದ ಸಂಖ್ಯೆಗೆ ತಿದ್ದುತ್ತದೆ. ಹಾಟ್‌ಪ್ಲಗ್ ಪೋರ್ಟುಗಳಲ್ಲಿ, ಅಂದರೆ ಯಂತ್ರ ಓಡುತ್ತಿರುವಾಗಲೇ ಹಾಕಿ ತೆಗೆಯಬಹುದಾದ ಪೋರ್ಟುಗಳಲ್ಲಿ, ತೊಡಕು ಇರುವುದು ಇಲ್ಲೇ. ಈಗ ಖಾಲಿ ಇದೆ ಎಂದು ಬಿಗಿಯಾಗಿ ನಂಬರ್ ಕೊಟ್ಟುಬಿಟ್ಟರೆ ನಾಳೆ ಥಂಡರ್‌ಬೋಲ್ಟ್ ಡಾಕ್ ಚುಚ್ಚಿದಾಗ ಅದರೊಳಗಿನ ಸ್ವಿಚ್ಚಿಗೆ, ಸ್ವಿಚ್ಚಿನ ಹಿಂದಿನವಕ್ಕೆ ನಂಬರ್ ಉಳಿಯುವುದಿಲ್ಲ. ಪಂಕ್ತಿಯಲ್ಲಿ ತಡವಾಗಿ ಬರುವವರಿಗೆಂದು ಮೊದಲೇ ನಾಲ್ಕು ಎಲೆ ಹೆಚ್ಚು ಹಾಕಿಡುವುದಿಲ್ಲವೇ, ಹಾಗೆ ಮುಂಗಡ ಬಿಡಬೇಕು. ಲಿನಕ್ಸ್ ತಾನಾಗಿ ಬಿಡುವುದು ಹಾಟ್‌ಪ್ಲಗ್ ಬ್ರಿಡ್ಜಿಗೆ ಒಂದು ಬಸ್ಸು ಮತ್ತು 2 ಎಂಬಿ ಮೆಮೊರಿ ಜಾಗ. ಸಾಲದಿದ್ದರೆ ಬೂಟ್ ಸಾಲಿನಲ್ಲಿ ಎಚ್‌ಪಿಬಸ್‌ಸೈಜ್, ಎಚ್‌ಪಿಮೆಮ್‌ಸೈಜ್ ಎಂಬ ಪಿಸಿಐ ಆಯ್ಕೆಗಳಿಂದ ಹೆಚ್ಚಿಸಬಹುದು.

ಮೆಮೊರಿ ಜಾಗ ಎಂದೆ. ಪ್ರತಿ ಡಿವೈಸೂ "ನನಗೆ ಇಷ್ಟು ವಿಳಾಸ ಬೇಕು" ಎಂದು ಹೇಳುವುದು ಬಾರ್ ಎಂಬ ರಿಜಿಸ್ಟರುಗಳಲ್ಲಿ, ಮಾಮೂಲಿ ಡಿವೈಸಿಗೆ ಆರು, ಬ್ರಿಡ್ಜಿಗೆ ಎರಡು. ಹೇಳುವ ರೀತಿ ಸ್ವಲ್ಪ ವಿಚಿತ್ರ. ಕರ್ನಲ್ ಮೊದಲು ಕಮಾಂಡ್ ರಿಜಿಸ್ಟರಿನಲ್ಲಿ ಮೆಮೊರಿ ಡಿಕೋಡನ್ನು (ಡಿವೈಸು ತನ್ನ ವಿಳಾಸಗಳಿಗೆ ಉತ್ತರ ಕೊಡುವುದನ್ನು) ಆಫ್ ಮಾಡುತ್ತದೆ. ಬಾರ್‌ಗೆ ಎಲ್ಲ 1 ಬರೆಯುತ್ತದೆ. ಓದುತ್ತದೆ. ಒಂದು ಎನ್‌ವಿಎಂಇ ಡಿಸ್ಕಿನಲ್ಲಿ (ಪಿಸಿಐಇ ಮೇಲೆ ಕೂರುವ ಎಸ್‌ಎಸ್‌ಡಿಯಲ್ಲಿ) ಎಫ್‌ಎಫ್‌ಎಫ್‌ಎಫ್‌ಸಿ004 ಎಂದು ಬಂತು ಎನ್ನಿ. ಕೊನೆಯ 4 ಎನ್ನುವುದು ಗುಣಲಕ್ಷಣ, ಇದು 64 ಬಿಟ್ ಬಾರ್ ಎಂದು. ಅದನ್ನು ಸೊನ್ನೆ ಮಾಡಿ, ಬಿಟ್‌ಗಳನ್ನು ತಿರುಗಿಸಿದರೆ 3ಎಫ್‌ಎಫ್‌ಎಫ್, 1 ಕೂಡಿಸಿದರೆ ಹೆಕ್ಸ್ 4000, ಅಂದರೆ 16 ಕೆಬಿ. ಆಮೇಲೆ ಹಳೆಯ ಮೌಲ್ಯ ಮತ್ತೆ ಬರೆದು ಡಿಕೋಡ್ ಹಚ್ಚುತ್ತದೆ. ಆಫ್ ಮಾಡದೆ ಈ ಆಟ ಆಡಿದರೆ, ಆ ಒಂದು ಗಳಿಗೆ ಡಿವೈಸು ಯಾರದೋ ವಿಳಾಸವನ್ನು ತನ್ನದು ಎಂದುಕೊಂಡು ಉತ್ತರ ಕೊಡಲು ಹೊರಡುತ್ತದೆ.

ಬ್ರಿಡ್ಜಿನ ಮೆಮೊರಿ ಕಿಂಡಿ ತೆರೆಯುವುದು 1 ಎಂಬಿ ಅಳತೆಯಲ್ಲಿ, ಹಾಗಾಗಿ 16 ಕೆಬಿ ಕೇಳಿದವನಿಗೂ ಮೇಲಿನ ಬ್ರಿಡ್ಜಿನಲ್ಲಿ 1 ಎಂಬಿ ಹೋಗುತ್ತದೆ. ಜಾಗ ಸಿಗದಿದ್ದರೆ "ಕಾಂಟ್ ಅಸೈನ್, ನೋ ಸ್ಪೇಸ್" ಎಂಬ ಸಾಲು ಬರುತ್ತದೆ. ಡಿವೈಸ್ ಎಲ್‌ಎಸ್‌ಪಿಸಿಐನಲ್ಲಿ ಇರುತ್ತದೆ, ಡ್ರೈವರ್ ಮಾತ್ರ ಹತ್ತುವುದಿಲ್ಲ. ದೊಡ್ಡ ಬಾರ್ ಇರುವ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಇದು ಮಾಮೂಲು. ಬಯಾಸ್‌ನಲ್ಲಿ 4 ಜಿಬಿಗಿಂತ ಮೇಲಿನ ಡಿಕೋಡಿಂಗ್ ಆಯ್ಕೆ ಹಚ್ಚುವುದು ಮೊದಲ ಮದ್ದು, ಬೂಟ್ ಸಾಲಿನಲ್ಲಿ ಪಿಸಿಐ ರಿಯಲಾಕ್ ಎರಡನೆಯದು.

ಇನ್ನೊಂದು ಸ್ಥಿತಿ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಲಿಂಕ್ ಬಂದಿದೆ, ಡಿವೈಸ್ ಇದೆ, ಆದರೆ ಒಳಗಿನ ಫರ್ಮ್‌ವೇರ್ ಇನ್ನೂ ಏಳುತ್ತಿದೆ. ಆಗ ಕಾನ್ಫಿಗ್ ಓದಲು ಬಂದವರಿಗೆ ಅದು "ಆಮೇಲೆ ಬಾ" ಎಂಬ ವಿಶೇಷ ಉತ್ತರ ಕೊಡಬಹುದು. ರೂಟ್ ಪೋರ್ಟಿನಲ್ಲಿ ಆ ಸೌಲಭ್ಯ ಹಚ್ಚಿದ್ದರೆ ತಯಾರಕರ ಐಡಿ ಜಾಗದಲ್ಲಿ ಕರ್ನಲಿಗೆ 0001 ಎಂದು ಕಾಣುತ್ತದೆ. ಕರ್ನಲ್ 1 ಮಿಲಿಸೆಕೆಂಡ್ ಕಾದು ಮತ್ತೆ ಕೇಳುತ್ತದೆ, ಆಮೇಲೆ 2, 4, 8 ಎಂದು ದುಪ್ಪಟ್ಟು ಮಾಡುತ್ತ 60 ಸೆಕೆಂಡಿನವರೆಗೆ ಹೋಗಿ, ಕೊನೆಗೆ "ನಾಟ್ ರೆಡಿ, ಗಿವಿಂಗ್ ಅಪ್" ಎಂದು ಕೈಬಿಡುತ್ತದೆ. ಬೂಟ್ ವಿನಾಕಾರಣ ಒಂದು ನಿಮಿಷ ನಿಂತು ಮುಂದೆ ಹೋದರೆ ಲಾಗಿನಲ್ಲಿ ಈ ಸಾಲು ಹುಡುಕಿ. ಎಂಟು ಎಫ್ ಬಂದರೆ ತಂತಿಯ ಕಡೆ ನೋಡಬೇಕು, 0001 ಬಂದರೆ ಡಿವೈಸಿನ ಫರ್ಮ್‌ವೇರ್ ಕಡೆ.

ಈಗ ಲಿಂಕ್ ಬಂದಿದೆ, ಆದರೆ ಅರ್ಧಂಬರ್ಧ ಬಂದಿದೆ ಎನ್ನುವ ಪ್ರಕರಣ. ಎಲ್‌ಎಸ್‌ಪಿಸಿಐಗೆ ಎರಡು ವಿ ಕೊಟ್ಟು ರೂಟ್, ಅಂದರೆ ಅಡ್ಮಿನ್ ಬಳಕೆದಾರ, ಆಗಿ ಓಡಿಸಿ. ಲಿಂಕ್ ಕ್ಯಾಪ್ ಸಾಲಿನಲ್ಲಿ ಸಾಮರ್ಥ್ಯ, ಲಿಂಕ್ ಸ್ಟೇಟಸ್ ಸಾಲಿನಲ್ಲಿ ಈಗಿನ ಸ್ಥಿತಿ. ಕಡಿಮೆ ಇದ್ದರೆ ಪಕ್ಕದಲ್ಲೇ "ಡೌನ್‌ಗ್ರೇಡೆಡ್" ಎಂದಿರುತ್ತದೆ. ರೂಟ್ ಅನುಮತಿ ಇಲ್ಲದವರು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳಂತೆ ತೋರಿಸುವ ಜಾಗ) ಆ ಡಿವೈಸಿನ ಫೋಲ್ಡರಿನೊಳಗೆ ಕರೆಂಟ್ ಲಿಂಕ್ ಸ್ಪೀಡ್, ಕರೆಂಟ್ ಲಿಂಕ್ ವಿಡ್ತ್ ಫೈಲುಗಳನ್ನು ಓದಬಹುದು, ಮ್ಯಾಕ್ಸ್ ಎಂದು ಶುರುವಾಗುವ ಜೋಡಿಯೂ ಅಲ್ಲೇ ಇದೆ. ಕರ್ನಲ್ ತಾನೇ ಕೂಡ ಎಣಿಕೆಯ ಹೊತ್ತಿನಲ್ಲಿ ಒಂದು ಸಾಲು ಬರೆಯುತ್ತದೆ: 31.504 ಗಿಗಾಬಿಟ್ ಸಿಗುತ್ತಿದೆ, ಇಂಥ ಪೋರ್ಟಿನಲ್ಲಿರುವ 8 ಜಿಟಿ, 4 ಲೇನಿನ ಲಿಂಕ್ ತಡೆಯುತ್ತಿದೆ, ಸಾಮರ್ಥ್ಯ 63.012 ಗಿಗಾಬಿಟ್ ಇತ್ತು ಎಂದು. ಈ ಸಾಲಿನ ಬೆಲೆ ಇರುವುದು ಆ ಪೋರ್ಟಿನ ಹೆಸರಿನಲ್ಲಿ. ಕರ್ನಲ್ ಕಾರ್ಡಿನಿಂದ ರೂಟಿನವರೆಗೆ ಪ್ರತಿ ಲಿಂಕನ್ನೂ ನೋಡಿ ಅತಿ ಕಿರಿದಾದದ್ದು ಯಾವುದು ಎಂದು ಹೇಳಿರುತ್ತದೆ. ಕಾರ್ಡಿನ ಲಿಂಕ್ ಚೆನ್ನಾಗಿಯೇ ಇದ್ದು, ಎರಡು ಹಂತ ಮೇಲಿನ ಸ್ವಿಚ್ಚಿನದು ಕಿರಿದಾಗಿರಬಹುದು.

ಗ್ರಾಫಿಕ್ಸ್ ಕಾರ್ಡ್ ಇರುವವರು ಗಾಬರಿಯಾಗಬೇಡಿ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಅವು ತಾವಾಗಿಯೇ 2.5 ಜಿಟಿಗೆ ಇಳಿಯುತ್ತವೆ. ಏನಾದರೂ ಭಾರದ ಕೆಲಸ ಓಡಿಸಿಕೊಂಡು ನೋಡಿ. ಆಗಲೂ ಏರದಿದ್ದರೆ ಮಾತ್ರ ತೊಂದರೆ. ವೇಗ ಏರಿಳಿಯುತ್ತದೆ, ಆದರೆ ಲೇನಿನ ಸಂಖ್ಯೆ ಇಳಿದಿದ್ದರೆ ಹೆಚ್ಚಿನ ಸಲ ಅದು ನಿಜವಾದ ದೂರೇ. ಕಾರ್ಡು ತೆಗೆದು, ಕನೆಕ್ಟರ್ ಒರೆಸಿ, ಮತ್ತೆ ಕೂರಿಸಿ ನೋಡಿ. ಪಕ್ಕದ ಎಂ.2 ತುಂಬಿದರೆ ಆ ಸ್ಲಾಟಿನ ಲೇನ್ ಕಡಿಮೆಯಾಗುತ್ತದೆಯೇ ಎಂದು ಬೋರ್ಡಿನ ಮ್ಯಾನ್ಯುಯಲ್ಲಿನಲ್ಲೂ ನೋಡಿ.

ಕೈಯಾರೆ ಮತ್ತೆ ಟ್ರೇನ್ ಮಾಡಿಸಬಹುದು. ತಪ್ಪು ಮಾಡುವ ಜಾಗ ಒಂದೇ: ಕಾರ್ಡಿಗೆ ಬರೆಯುವುದು. ಬರೆಯಬೇಕಾದದ್ದು ಕಾರ್ಡಿನ ಮೇಲಿನ ಪೋರ್ಟಿಗೆ. ಸೆಟ್‌ಪಿಸಿಐ ಕಮಾಂಡಿನಿಂದ ಆ ಪೋರ್ಟಿನ ಲಿಂಕ್ ಕಂಟ್ರೋಲ್ 2 ರಿಜಿಸ್ಟರಿನ ಕೊನೆಯ ನಾಲ್ಕು ಬಿಟ್‌ನಲ್ಲಿ ಬೇಕಾದ ವೇಗ ಹಾಕಿ, 2.5 ಜಿಟಿಗೆ 1, 5ಕ್ಕೆ 2, 8ಕ್ಕೆ 3. ಆಮೇಲೆ ಲಿಂಕ್ ಕಂಟ್ರೋಲ್ ರಿಜಿಸ್ಟರಿನ 5ನೇ ಬಿಟ್ ಒತ್ತಿ. ಲಿಂಕ್ ಸ್ಟೇಟಸ್‌ನ 11ನೇ ಬಿಟ್ 1 ಆಗಿರುವವರೆಗೆ ಟ್ರೇನಿಂಗ್ ನಡೆಯುತ್ತಿದೆ ಎಂದರ್ಥ. 13ನೇ ಬಿಟ್ 1 ಆದರೆ ಡೇಟಾ ಲಿಂಕ್ ಜೀವಂತ. ಆ ಡಿಸ್ಕಿನ ಮೇಲೆಯೇ ನಿಮ್ಮ ರೂಟ್ ಫೈಲ್‌ಸಿಸ್ಟಂ ಇದ್ದರೆ ಇದನ್ನು ಮಾಡುವ ಮೊದಲು ಎರಡು ಸಲ ಯೋಚಿಸಿ.

ಕರ್ನಲ್ ಕೂಡ ಇದೇ ಉಪಾಯವನ್ನು ಒಂದು ಕಡೆ ಬಳಸುತ್ತದೆ. ಎಎಸ್‌ಮೀಡಿಯಾದ ಎಎಸ್‌ಎಂ2824 ಸ್ವಿಚ್ಚಿನ ಕೆಳಗೆ ಪೆರಿಕಾಮ್ ಕಂಪನಿಯ ಒಂದು ಸ್ವಿಚ್ ಹಾಕಿದಾಗ ಲಿಂಕ್ ಎಲ್‌0ಯಲ್ಲಿ ನೆಲೆಗೊಳ್ಳದೆ ಟ್ರೇನಿಂಗಿನಲ್ಲೇ ಸುತ್ತುತ್ತಿತ್ತು. 2023ರಲ್ಲಿ ಕರ್ನಲಿಗೆ ಬಂದ ಪರಿಹಾರ ಹೀಗಿದೆ: ಟ್ರೇನಿಂಗ್ ಸೋತಂತೆ ಕಂಡರೆ ಗುರಿಯ ವೇಗವನ್ನು 2.5 ಜಿಟಿಗೆ ಕಟ್ಟಿಹಾಕಿ ಮತ್ತೆ ಟ್ರೇನ್ ಮಾಡು. ಬಂದರೆ, ಅದು ಗೊತ್ತಿರುವ ಒಳ್ಳೆಯ ಡಿವೈಸಾದರೆ, ಕಟ್ಟು ಬಿಚ್ಚಿ ಮೇಲೇರಲು ಬಿಡು. ನೋಡಿ, ಎರಡು ಚಿಪ್‌ಗಳೂ ಬೇರೆ ಬೇರೆಯಾಗಿ ಸರಿ ಇರಬಹುದು, ಜೋಡಿ ಮಾತ್ರ ಕೂಡಿಬರುವುದಿಲ್ಲ.

ಇನ್ನು ಕೆಲಸ ನಡೆಯುವಾಗಿನ ತಪ್ಪುಗಳು. ಲಿಂಕಿನ ಮೇಲೆ ಹೋಗುವ ಪ್ರತಿ ಪ್ಯಾಕೆಟಿಗೂ ಸಿಆರ್‌ಸಿ ಎಂಬ ತಾಳೆ ನೋಡುವ ಸಂಖ್ಯೆ ಇದೆ. ತಾಳೆಯಾಗದಿದ್ದರೆ ಎದುರಿನ ಪೋರ್ಟ್ ಒಪ್ಪುವುದಿಲ್ಲ, ಕಳಿಸಿದವರು ತಮ್ಮ ಬಫರಿನಿಂದ ಮತ್ತೆ ಕಳಿಸುತ್ತಾರೆ. ಮತ್ತೆ ಮತ್ತೆ ಕಳಿಸಿ, ನಾಲ್ಕನೆಯ ಸಲಕ್ಕೆ ಎಣಿಕೆ ಉರುಳಿದರೆ ಲಿಂಕನ್ನೇ ರೀಟ್ರೇನ್ ಮಾಡುತ್ತಾರೆ. ಇಷ್ಟೂ ಹಾರ್ಡ್‌ವೇರೇ ಮಾಡಿಕೊಂಡು, ಕರ್ನಲಿಗೆ ಎಇಆರ್ ಎಂಬ ವ್ಯವಸ್ಥೆಯ ಮೂಲಕ "ಹೀಗಾಯಿತು, ಸರಿಮಾಡಿಕೊಂಡೆ" ಎಂದು ವರದಿ ಒಪ್ಪಿಸುತ್ತದೆ. ಲಾಗಿನಲ್ಲಿ "ಸಿವಿಯಾರಿಟಿ ಕರೆಕ್ಟೆಡ್, ಟೈಪ್ ಫಿಸಿಕಲ್ ಲೇಯರ್" ಎಂದು ಸಾವಿರಾರು ಸಾಲು ಬಂದು ಡಿಸ್ಕು ತುಂಬಿಸುವುದು ಇದೇ.

ಇದಕ್ಕೆ ಇಂಟರ್ನೆಟ್ಟಿನಲ್ಲಿ ಸಿಗುವ ಮದ್ದು ಬೂಟ್ ಸಾಲಿನಲ್ಲಿ ಪಿಸಿಐ ನೋಎಇಆರ್ ಹಾಕುವುದು. ಹಾಕಿದರೆ ಸಾಲುಗಳು ನಿಲ್ಲುತ್ತವೆ, ತಪ್ಪುಗಳು ನಿಲ್ಲುವುದಿಲ್ಲ. ಮೊದಲು ಸಿಸ್‌ಎಫ್‌ಎಸ್‌ನಲ್ಲಿ ಆ ಡಿವೈಸಿನ ಎಇಆರ್ ಎಣಿಕೆಯ ಫೈಲ್ ನೋಡಿ. ರಿಸೀವರ್ ಎರರ್, ಬ್ಯಾಡ್ ಟಿಎಲ್‌ಪಿ (ಕೆಟ್ಟು ಬಂದ ಪ್ಯಾಕೆಟ್) ಏರುತ್ತಿದ್ದರೆ ಸಿಗ್ನಲ್ಲೇ ಕೆಟ್ಟಿದೆ: ರೈಸರ್ ಕೇಬಲ್, ಕನೆಕ್ಟರ್, ಅತಿ ಉದ್ದ ತಂತಿ. ವೇಗ ಒಂದು ಹಂತ ಇಳಿಸಿದಾಗ ಎಣಿಕೆ ನಿಂತರೆ ರೋಗ ಖಚಿತ. ರೀಪ್ಲೇ ಟೈಮರ್ ಟೈಮೌಟ್ (ಕಳಿಸಿದ್ದಕ್ಕೆ ಎದುರಿನವರ ಉತ್ತರ ಸಮಯಕ್ಕೆ ಬರದಿರುವುದು) ಮಾತ್ರ ಏರುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ವಿದ್ಯುತ್ ಉಳಿತಾಯದ ಸ್ಥಿತಿಗಳನ್ನು.

ಸರಿಮಾಡಿಕೊಳ್ಳಲಾಗದ ತಪ್ಪುಗಳಲ್ಲಿ ಎರಡು ಬಗೆ. ನಾನ್‌ಫೇಟಲ್ ಎಂದರೆ ಒಂದು ವ್ಯವಹಾರ ಹಾಳಾಯಿತು, ಲಿಂಕ್ ಸರಿ ಇದೆ. ಫೇಟಲ್ ಎಂದರೆ ಲಿಂಕನ್ನೇ ನಂಬುವಂತಿಲ್ಲ, ಕರ್ನಲ್ ಅದನ್ನು ರೀಸೆಟ್ ಮಾಡಿ ಎಬ್ಬಿಸಬೇಕು. ಆಗ ಅದರ ಕೆಳಗಿರುವ ಪ್ರತಿ ಡ್ರೈವರನ್ನೂ ಕೇಳುತ್ತದೆ: ತಪ್ಪು ಕಂಡಿದೆ ಏನು ಮಾಡಲಿ, ಸ್ಲಾಟ್ ರೀಸೆಟ್ ಆಯಿತು ನೀನು ತಯಾರೇ, ಸರಿ ಮುಂದುವರಿ. ಈ ಪ್ರಶ್ನೆಗಳಿಗೆ ಉತ್ತರಿಸುವ ಫಂಕ್ಷನ್ ಇಲ್ಲದ ಡ್ರೈವರ್ ಒಂದಿದ್ದರೂ ಚೇತರಿಕೆ ಅಲ್ಲಿಗೆ ನಿಲ್ಲುತ್ತದೆ, "ಕಾಂಟ್ ರಿಕವರ್, ನೋ ಎರರ್ ಡಿಟೆಕ್ಟೆಡ್ ಕಾಲ್‌ಬ್ಯಾಕ್" ಎಂದು ಲಾಗ್ ಹೇಳುತ್ತದೆ. ಸರ್ವರುಗಳಲ್ಲಿ ಡಿಪಿಸಿ ಎಂಬ ಇನ್ನೊಂದಿದೆ. ಅಂಥ ತಪ್ಪು ಕಂಡ ಕೂಡಲೇ ಪೋರ್ಟ್ ಕರ್ನಲನ್ನು ಕೇಳದೆ ಲಿಂಕನ್ನು ಕತ್ತರಿಸುತ್ತದೆ, ಕೆಟ್ಟ ಡೇಟಾ ಮೇಲೆ ಹೋಗದಿರಲಿ ಎಂದು. ಕರ್ನಲ್ ಆಮೇಲೆ ಬಂದು ಬಿಡಿಸುತ್ತದೆ.

ವಿದ್ಯುತ್ ಉಳಿತಾಯ, ಅಂದರೆ ಎಎಸ್‌ಪಿಎಂ. ಕೆಲಸವಿಲ್ಲದಾಗ ಲಿಂಕ್ ಎಲ್‌1ಕ್ಕೆ, ಇನ್ನೂ ಆಳವಾದ ಎಲ್‌1.2ಕ್ಕೆ ಇಳಿಯುತ್ತದೆ. ಎಲ್‌1.2ರಲ್ಲಿ ಕ್ಲಾಕು ಕೂಡ ಆರಿರುತ್ತದೆ, ಎಬ್ಬಿಸಲು ಕ್ಲಾಕ್ ರಿಕ್ವೆಸ್ಟ್ ಎಂಬ ಬೇರೆ ತಂತಿ ಬೇಕು. ಆ ತಂತಿಯನ್ನು ಬೋರ್ಡಿನಲ್ಲಿ ಸರಿಯಾಗಿ ಹಾಕಿರದಿದ್ದರೆ ಮಲಗಿದವರು ಏಳುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಆಗೊಮ್ಮೆ ಈಗೊಮ್ಮೆ ಎಸ್‌ಎಸ್‌ಡಿ ಸತ್ತು "ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್" ಎಂದು ಬಂದು, ಪಕ್ಕದಲ್ಲಿ ಸ್ಟೇಟಸ್ ರಿಜಿಸ್ಟರಿನ ಮೌಲ್ಯ ಎಂಟು ಎಫ್ ಎಂದಿದ್ದರೆ, ಆ ಎಫ್‌ಗಳನ್ನು ಡಿಸ್ಕಿನ ಸ್ಟೇಟಸ್ ಎಂದು ಓದಬೇಡಿ. ಡಿಸ್ಕು ಬಸ್ಸಿನ ಮೇಲೆಯೇ ಇಲ್ಲ ಎಂದರ್ಥ. ಎನ್‌ವಿಎಂಇ ಡ್ರೈವರ್ ಅಲ್ಲೇ ಕೆಳಗೆ ಎಎಸ್‌ಪಿಎಂ ಆಫ್ ಮಾಡಿ ನೋಡಿ, ಡಿಸ್ಕಿನ ಸ್ವಂತ ನಿದ್ದೆಯ ಮಿತಿಯನ್ನು 0 ಮಾಡಿ ನೋಡಿ ಎಂದು ಸಲಹೆಯನ್ನೂ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದೊಂದಾಗಿ ಹಾಕಿದರೆ ಯಾವುದರಿಂದ ನಿಂತಿತು ಎಂದು ತಿಳಿಯುತ್ತದೆ, ಬ್ಯಾಟರಿಯೂ ಅಷ್ಟು ಉಳಿಯುತ್ತದೆ.

ಹಾಟ್‌ಪ್ಲಗ್ ಬಗ್ಗೆ ಬೇಗ ಹೇಳುತ್ತೇನೆ. ಸ್ಲಾಟಿನಲ್ಲಿ ಎರಡು ಸುಳಿವುಗಳಿವೆ: ಕಾರ್ಡು ಕೂತಿದೆ ಎನ್ನುವ ಪ್ರೆಸೆನ್ಸ್ ಪಿನ್, ಲಿಂಕ್ ಸ್ಥಿತಿ ಬದಲಾಯಿತು ಎನ್ನುವ ಬಿಟ್. ಇವೆರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಹೇಳಲಾಗದು, ಹಾಗಾಗಿ ಪಿಸಿಐಇಎಚ್‌ಪಿ ಡ್ರೈವರ್ ಯಾವುದು ಬಂದರೂ ಕೆಲಸ ಶುರುಮಾಡುತ್ತದೆ. ಅಟೆನ್ಶನ್ ಬಟನ್ ಇರುವ ಸ್ಲಾಟಿನಲ್ಲಿ ಒತ್ತಿದ ಮೇಲೆ 5 ಸೆಕೆಂಡ್ ದೀಪ ಮಿನುಗುತ್ತದೆ, ಅಷ್ಟರೊಳಗೆ ಮತ್ತೊಮ್ಮೆ ಒತ್ತಿದರೆ ರದ್ದು. ಬಟನ್ ಇಲ್ಲದೆ ನೀವೇ ತೆಗೆಯುವುದಾದರೆ ಮೊದಲು ಫೈಲ್‌ಸಿಸ್ಟಂ ಅನ್‌ಮೌಂಟ್ ಮಾಡಿ, ಸಿಸ್‌ಎಫ್‌ಎಸ್‌ನಲ್ಲಿ ಆ ಡಿವೈಸಿನ ರಿಮೂವ್ ಫೈಲಿಗೆ 1 ಬರೆದು, ಆಮೇಲೆ ಕೈ ಹಾಕಿ. ಹಿಂದಕ್ಕೆ ತರಲು ಬಸ್ಸಿನ ರೀಸ್ಕ್ಯಾನ್ ಫೈಲಿಗೆ 1.

ಹೇಳದೆ ಕೇಳದೆ ಕಿತ್ತರೆ ಏನಾಗುತ್ತದೆ ಎಂಬುದು ಡ್ರೈವರ್ ಬರೆಯುವವರಿಗೆ ಬೇಕಾದ ಮಾತು. ಡಿವೈಸು ಹೋಗಿದೆ ಎಂಬ ಸುದ್ದಿ ಕರ್ನಲಿಗೆ ಮುಟ್ಟುವ ಮೊದಲು ನಿಮ್ಮ ಕೋಡು ಓಡುತ್ತಲೇ ಇರುತ್ತದೆ. ಬರೆದದ್ದೆಲ್ಲ ಎಲ್ಲಿಗೋ ಹೋಗುತ್ತದೆ, ಯಾವ ಎರರ್ ಕೋಡೂ ವಾಪಸ್ ಬರುವುದಿಲ್ಲ. ಓದಿದ್ದೆಲ್ಲ ಎಂಟು ಎಫ್. ಈಗ ಡ್ರೈವರುಗಳಲ್ಲಿ ಸಾಮಾನ್ಯವಾಗಿ ಇರುವ ಸಾಲನ್ನು ಯೋಚಿಸಿ: ಸ್ಟೇಟಸ್ ರಿಜಿಸ್ಟರಿನ "ಬ್ಯುಸಿ" ಬಿಟ್ 1 ಇರುವವರೆಗೆ ಸುತ್ತುತ್ತಿರು. ಎಲ್ಲ ಬಿಟ್ಟೂ 1 ಆಗಿರುವಾಗ ಬ್ಯುಸಿ ಬಿಟ್ಟೂ 1, ಸುತ್ತು ಮುಗಿಯುವುದೇ ಇಲ್ಲ, ಆ ಪ್ರೊಸೆಸರ್ ಕೋರ್ ಅಲ್ಲೇ ಸಿಕ್ಕಿಬೀಳುತ್ತದೆ. ಇದರ ತಿರುವುಮುರುವು ಇನ್ನೂ ಕೆಟ್ಟದ್ದು. "ರೆಡಿ" ಬಿಟ್ 1 ಆಗುವವರೆಗೆ ಕಾಯುವ ಕೋಡು ತಕ್ಷಣ ತೃಪ್ತಿಯಾಗಿ ಮುಂದೆ ಹೋಗಿ, ಡೇಟಾ ರಿಜಿಸ್ಟರ್ ಓದಿ, ಅಲ್ಲಿ ಸಿಕ್ಕ ಎಫ್‌ಗಳನ್ನು ಉದ್ದವೋ ಇಂಡೆಕ್ಸೋ ಎಂದು ತಿಳಿದು ಬಳಸುತ್ತದೆ.

ಆದ್ದರಿಂದ ಕಾಯುವ ಪ್ರತಿ ಸುತ್ತಿಗೂ ಸಮಯದ ಮಿತಿ ಇರಲಿ, ಮತ್ತು ಓದಿದ ಮೌಲ್ಯ ಎಲ್ಲ 1 ಆಗಿದೆಯೇ ಎಂದು ಬಳಸುವ ಮೊದಲು ನೋಡಿ. ಕೆಲವು ರಿಜಿಸ್ಟರುಗಳಲ್ಲಿ ಎಲ್ಲ 1 ಎನ್ನುವುದು ನಿಜವಾದ ಮೌಲ್ಯವೂ ಆಗಿರಬಹುದು, ಉದಾಹರಣೆಗೆ ತುದಿ ಮುಟ್ಟಿದ ಕೌಂಟರ್. ಅಂಥಲ್ಲಿ ಎಲ್ಲ 1 ಬಂದಾಗ ಮಾತ್ರ, ಅದೇ ಡಿವೈಸಿನಲ್ಲಿ ಎಂದಿಗೂ ಎಲ್ಲ 1 ಆಗಲಾರದ ಇನ್ನೊಂದು ರಿಜಿಸ್ಟರನ್ನು ಓದಿ. ಅಂಥದ್ದು ಯಾವುದೂ ತೋಚದಿದ್ದರೆ ತಯಾರಕರ ಐಡಿ ಯಾವಾಗಲೂ ಇದೆ. ಅದಕ್ಕೆಂದೇ ಕರ್ನಲಿನಲ್ಲಿ ಪಿಸಿಐ ಡಿವೈಸ್ ಈಸ್ ಪ್ರೆಸೆಂಟ್ ಎಂಬ ಫಂಕ್ಷನ್ ಇದೆ, ಆದರೆ ಕಾನ್ಫಿಗ್ ಓದುವುದು ನಿಧಾನ, ಆದ್ದರಿಂದ ಪ್ರತಿ ಪ್ಯಾಕೆಟಿಗೂ ಅದನ್ನು ಕರೆಯುವ ಜಾಗದಲ್ಲಿ ಹಾಕಬೇಡಿ.